ಚುಕ್ಕಿ ಮೇಷ್ಟ್ರ ಬೆರಳು

ಚುಕ್ಕಿ ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಕಣ್ಣಿಲ್ಲದ ಮಕ್ಕಳಿಗೆ ಬ್ರೈಲ್ ಪುಸ್ತಕ ಅಚ್ಚು ಹಾಕುವ ಒಂದು ಸಣ್ಣ ಪ್ರೆಸ್ಸಿನಲ್ಲಿ ಪ್ರೂಫ್ ನೋಡುವುದು ಅವರ ಕೆಲಸ. ಉಬ್ಬಿದ ಚುಕ್ಕಿಗಳಲ್ಲಿ ಒಂದೇ ಒಂದು ಹೆಚ್ಚುಕಡಿಮೆಯಾದರೂ ಸಾಕು, ಕಂಪ್ಯೂಟರಿನ ಮುಂದೆ ಕೂರುವ ಹುಡುಗಿಯರನ್ನು ಕರೆದು ನಿಲ್ಲಿಸಿ ಗಂಟೆಗಟ್ಟಲೆ ಪಾಠ ಹೇಳುತ್ತಿದ್ದರು. ಹಾಗಾಗಿ ಆ ಹೆಸರು ಅಂಟಿಕೊಂಡಿತ್ತು. ಹುಡುಗಿಯರು "ಸರಿ ಮೇಷ್ಟ್ರೇ, ಆಯ್ತು ಮೇಷ್ಟ್ರೇ" ಎನ್ನುತ್ತ, ಕಣ್ಣಿಲ್ಲದ ಅವರಿಗೆಲ್ಲಿ ಕಾಣುತ್ತದೆ ಎಂಬ ಧೈರ್ಯದ ಮೇಲೆ ಒಬ್ಬಳಿಗೊಬ್ಬಳು ಮೂತಿ ತಿರುವುತ್ತಿದ್ದರು. ಪಾಠ ಮುಗಿದ ಮೇಲೆ ಮೇಷ್ಟ್ರು, "ಮೂತಿ ತಿರುವಿದ್ದು ಆಯ್ತಾ? ಹಾಗಾದ್ರೆ ಹೋಗಿ ಆ ಸಾಲು ಸರಿ ಮಾಡಿ" ಎನ್ನುತ್ತಿದ್ದರು. ಇವರಿಗೆ ಹೇಗೆ ಗೊತ್ತಾಯಿತೋ ಎಂದು ಹುಡುಗಿಯರು ಬೆವರುತ್ತಿದ್ದರು. ಗೊತ್ತಾಗುವುದಕ್ಕೇನು, ಬೈಸಿಕೊಂಡವರು ಮಾಡುವುದು ಎಲ್ಲ ಕಡೆಯೂ ಅದನ್ನೇ ತಾನೆ.

ಅವರೆದುರಿಗೆ ಕೂರುತ್ತಿದ್ದವಳು ಅವರ ಒಡಹುಟ್ಟಿದ ಅಕ್ಕ. ಮೇಷ್ಟ್ರು ಅಕ್ಕ ಎನ್ನುತ್ತಾರೆಂದು ಮ್ಯಾನೇಜರಿಂದ ಹಿಡಿದು ಕಸ ಗುಡಿಸುವವಳವರೆಗೆ ಎಲ್ಲರಿಗೂ ಅವಳು ಅಕ್ಕನೇ. ಗಂಡ ತೀರಿಕೊಂಡ ಮೇಲೆ ತಮ್ಮನ ಎರಡು ಕೋಣೆಯ ಮನೆಗೆ ಬಂದು ಸೇರಿಕೊಂಡಿದ್ದಳು. ಅವಳಿಗೆ ಮಕ್ಕಳಿಲ್ಲ, ತಮ್ಮನಿಗೆ ಮದುವೆಯಿಲ್ಲ. ಯಾಕೆ ಆಗಲಿಲ್ಲ ಎಂದು ಯಾರಾದರೂ ಕೇಳಿದರೆ ಮೇಷ್ಟ್ರು, "ಒಬ್ಬ ಅಕ್ಕನ ಕೈಲಿ ಬೈಸಿಕೊಳ್ಳೋದೇ ಸಾಕಾಗಿದೆ, ಇನ್ನೊಬ್ಬಳು ಬೇರೆ ಬೇಕಾ?" ಎನ್ನುತ್ತಿದ್ದರು. ತಲೆ ನರೆತ ತಮ್ಮನನ್ನು ಅವಳು ಇನ್ನೂ 'ಪುಟ್ಟ' ಎಂದೇ ಕರೆಯುತ್ತಿದ್ದಳು, ಅದೂ ಮ್ಯಾನೇಜರ ಎದುರಿಗೇ.

ಅವರ ಕೆಲಸದ ರೀತಿ ಹೀಗೆ. ಪ್ರೆಸ್ಸಿನ ಹಿಂಭಾಗದಲ್ಲಿ ಕಿಟಕಿಯ ಪಕ್ಕ ಒಂದು ಉದ್ದನೆಯ ಮೇಜು. ಒಂದು ಕಡೆ ಅಕ್ಕ, ಅವಳ ಮುಂದೆ ಮಾಮೂಲಿ ಅಚ್ಚಿನ ಪುಸ್ತಕ. ಇನ್ನೊಂದು ಕಡೆ ಮೇಷ್ಟ್ರು, ಅವರ ಮುಂದೆ ಅದೇ ಪುಸ್ತಕದ ಬ್ರೈಲ್ ಪ್ರೂಫ್. ಅಕ್ಕ ಗಟ್ಟಿಯಾಗಿ ಓದುತ್ತ ಹೋಗಬೇಕು. ಮೇಷ್ಟ್ರ ಎಡಗೈ ತೋರುಬೆರಳು ಅದರ ಜೊತೆಗೇ ಚುಕ್ಕಿಗಳ ಮೇಲೆ ಓಡಬೇಕು. ತಪ್ಪು ಸಿಕ್ಕಲ್ಲಿ ಅವರು ಬಲಗೈಯ ಗೆಣ್ಣಿನಿಂದ ಮೇಜು ಕುಟ್ಟುತ್ತಿದ್ದರು. ಅಕ್ಕ ನಿಲ್ಲಿಸಬೇಕು. ಕುಟ್ಟದಿದ್ದರೆ ಎಲ್ಲ ಸರಿಯಾಗಿದೆ ಎಂದೇ ಅರ್ಥ. ಅಕ್ಕನಿಗೆ ಚುಕ್ಕಿ ಓದಲು ಬರುತ್ತಿರಲಿಲ್ಲ. ಬಿಳಿ ಹಾಳೆಯ ಮೇಲಿನ ಬಿಳಿ ಉಬ್ಬುಗಳನ್ನು ಅವಳು ತಲೆಯೆತ್ತಿ ನೋಡುತ್ತಲೂ ಇರಲಿಲ್ಲ. ಕಣ್ಣು ತೆಗೆದರೆ ಸಾಲು ತಪ್ಪುತ್ತದಲ್ಲ. ಅಕ್ಕನ ಕಣ್ಣು, ತಮ್ಮನ ಬೆರಳು, ಎರಡೂ ಸೇರಿ ಒಬ್ಬ ಮನುಷ್ಯ ಎಂದು ಪ್ರೆಸ್ಸಿನಲ್ಲಿ ತಮಾಷೆ ಮಾಡುತ್ತಿದ್ದರು. ಜಗಳವಾಡುವಾಗ ಮಾತ್ರ ನಾಲ್ಕು ಮನುಷ್ಯರಷ್ಟು ಗದ್ದಲ.

ಹೀಗೆ ನಡೆದುಕೊಂಡು ಹೋಗುತ್ತಿದ್ದ ಸಂಸಾರಕ್ಕೆ ಒಂದು ದಿನ ಕಾಯಿಲೆ ಬಂತು. ಮೇಷ್ಟ್ರಿಗೆ ಮೊದಮೊದಲು ಹೊಟ್ಟೆನೋವು, ಆಮೇಲೆ ರಕ್ತ. ಪರೀಕ್ಷೆಗಳೆಲ್ಲ ಮುಗಿದ ಮೇಲೆ ದೊಡ್ಡ ಕರುಳಿನಲ್ಲಿ ಕ್ಯಾನ್ಸರ್ ಎಂದಾಯಿತು. ಅಕ್ಕ ಆಸ್ಪತ್ರೆಯ ಕಾರಿಡಾರಿನಲ್ಲಿ ಡಾಕ್ಟರಮ್ಮನನ್ನು ತಡೆದು ನಿಲ್ಲಿಸಿ, "ಅವನಿಗೆ ಹುಣ್ಣು ಅಂತ ಹೇಳಿಬಿಡಿ, ನಿಮ್ಮ ಕಾಲಿಗೆ ಬೀಳ್ತೀನಿ" ಎಂದಳು. ಡಾಕ್ಟರಮ್ಮ ಕುಳ್ಳಗಿನ, ಚುರುಕು ಮಾತಿನ ಹೆಂಗಸು. "ಅವರಾಗೇ ಕೇಳಿದ್ರೆ ನಾನು ಸುಳ್ಳು ಹೇಳಲ್ಲಮ್ಮ" ಎಂದರು. ಮೇಷ್ಟ್ರು ಕೋಣೆಗೆ ಹೋಗಿ ಕೂತ ತಕ್ಷಣ ಅದನ್ನೇ ಕೇಳಿದರು. ಕೇಳಿದ್ದಕ್ಕೆ ಉತ್ತರ ಬಂತು. ಅಕ್ಕ ಕುರ್ಚಿಯಲ್ಲಿ ಕೂತು ಸೆರಗನ್ನು ಬಾಯಿಗೆ ತುರುಕಿಕೊಂಡು ಸದ್ದಾಗದಂತೆ ಅತ್ತಳು. ಸದ್ದಾಗದಂತೆ ಅಳುವುದರಲ್ಲಿ ಅವಳಿಗೆ ಚಿಕ್ಕಂದಿನಿಂದಲೂ ಒಳ್ಳೆ ಅಭ್ಯಾಸ. ತಾಯಿ ಸತ್ತಾಗಲೂ ತಮ್ಮನಿಗೆ ಕೇಳಿಸದ ಹಾಗೆ ಅತ್ತವಳು.

ಆಪರೇಷನ್ ಚೆನ್ನಾಗಿಯೇ ಆಯಿತು. ಗಡ್ಡೆ ತೆಗೆದರು. ಆದರೆ ಬೇರೆ ಕಡೆ ಒಂದೆರಡು ಕಣ ಉಳಿದಿರಬಹುದು, ಅದಕ್ಕೆ ಕೆಲವು ತಿಂಗಳು ಕೀಮೋ ಕೊಟ್ಟರೆ ಮತ್ತೆ ಬರುವ ಸಂಭವ ಕಡಿಮೆಯಾಗುತ್ತದೆ ಎಂದರು ಡಾಕ್ಟರಮ್ಮ. ವಾಂತಿ, ಸುಸ್ತು, ಬಾಯಿಹುಣ್ಣು ಎಂದು ಆಗಬಹುದಾದದ್ದನ್ನೆಲ್ಲ ಹೇಳುತ್ತ, "ಕೈಕಾಲಿನ ಬೆರಳು ಜುಮ್ ಅನ್ನಬಹುದು" ಎಂದೂ ಹೇಳಿದರು. ಮೇಷ್ಟ್ರು ತಲೆಯೆತ್ತಿದರು.

"ಜುಮ್ ಅಂದ್ರೆ ಎಷ್ಟು ಡಾಕ್ಟ್ರೇ?"

"ಎಲ್ಲರಿಗೂ ಒಂದೇ ಥರ ಇರಲ್ಲ ಮೇಷ್ಟ್ರೇ. ಕೆಲವರಿಗೆ ಬಂದು ಹೋಗುತ್ತೆ. ಕೆಲವರಿಗೆ ಮರಗಟ್ಟಿದ ಹಾಗೆ ಉಳಿದುಬಿಡುತ್ತೆ. ಆದ ಹಾಗೆ ನನಗೆ ಹೇಳ್ತಾ ಇರಿ, ನೋಡೋಣ."

ಮೇಷ್ಟ್ರು ಒಪ್ಪಿದರು. ಮೊದಲ ಡ್ರಿಪ್ ಆದ ಮಾರನೆಯ ದಿನ ತಣ್ಣೀರಿನ ಸ್ಟೀಲ್ ಲೋಟ ಮುಟ್ಟಿದ ಕೂಡಲೇ ಸೂಜಿ ಚುಚ್ಚಿದಂತಾಗಿ ಲೋಟ ಕೈಜಾರಿತು. ಆಮೇಲೆ ಸರಿಹೋಯಿತು. ಎರಡನೆಯ ಸಲದ ಜುಮ್ಮು ಅಷ್ಟು ಬೇಗ ಬಿಡಲಿಲ್ಲ. ಅಂಗಿ ಗುಂಡಿ ಹಾಕಿಕೊಳ್ಳಲು ಹೊತ್ತು ಹಿಡಿಯತೊಡಗಿತು. ಹೇಳಬೇಕಾದವರಿಗೆ ಮೇಷ್ಟ್ರು ಹೇಳಲಿಲ್ಲ. ಅಕ್ಕ ಕಂಡೂ ಕಾಣದವಳಂತೆ ಇದ್ದಳು, ಕೇಳಿದರೆ ಎಲ್ಲಿ ಕೀಮೋ ಬೇಡವೆನ್ನುತ್ತಾನೋ ಎಂಬ ಹೆದರಿಕೆ. ಇಬ್ಬರೂ ಬಾಯಿಗೆ ಬೀಗ ಹಾಕಿಕೊಂಡು ದಿನಾ ಬೆಳಿಗ್ಗೆ ಪ್ರೆಸ್ಸಿಗೆ ಹೋಗಿ ಮೇಜಿನ ಎದುರುಬದುರು ಕೂರುತ್ತಿದ್ದರು.

ಆಗ ಅವರ ಮುಂದೆ ಇದ್ದದ್ದು ಮಕ್ಕಳ ಭೂಗೋಳದ ಪುಸ್ತಕ. ಒಂದು ಬೆಳಿಗ್ಗೆ ಅಕ್ಕ ನದಿಗಳ ಪಾಠ ಓದುತ್ತಿದ್ದಳು. ಸಾಲಿನ ಮೇಲೆ ಸಾಲು, ಎದುರುಗಡೆಯಿಂದ ಒಂದು ಸಲವೂ ಕುಟ್ಟಿದ ಸದ್ದಿಲ್ಲ. ಹುಡುಗಿಯರು ಕೊನೆಗೂ ಕಲಿತರಲ್ಲ ಎಂದು ಅಕ್ಕನಿಗೆ ಖುಷಿಯಾಯಿತು. ಖುಷಿಗೆ ಸ್ವಲ್ಪ ಜೋರಾಗಿಯೇ ಓದಿದಳು. ಪಾಠ ಮುಗಿಸಿ ತಲೆಯೆತ್ತಿದರೆ ಮೇಷ್ಟ್ರ ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು. "ಮುಖ ತೊಳ್ಕೊಂಡು ಬರ್ತೀನಿ" ಎಂದು ಎದ್ದು ಹೋದವರು ಬಹಳ ಹೊತ್ತು ಬರಲಿಲ್ಲ. ಔಷಧಿಯ ಕಾವು ಎಂದುಕೊಂಡಳು ಅಕ್ಕ.

ಅವತ್ತು ಸಂಜೆ ಊಟಕ್ಕೆ ಕೂತಾಗ ಮೇಷ್ಟ್ರು ಒಂದೇ ಮಾತು ಹೇಳಿದರು. "ಇನ್ನು ಡ್ರಿಪ್ ಬೇಡ ಅಕ್ಕ. ಸಾಕು."

ಅಕ್ಕ ಬಡಿಸುತ್ತಿದ್ದ ಸೌಟನ್ನು ಪಾತ್ರೆಗೆ ಹಾಕಿದಳು. ಯಾಕೆ ಎಂದು ಕೇಳಿದಳು. ಸಾಕು ಎಂದರು. ವಾಂತಿಗೆ ಹೆದರಿದೆಯಾ ಎಂದಳು. ಇಲ್ಲ ಎಂದರು. ಮತ್ತೆ ಯಾಕೋ ಎಂದಳು. ಮೇಷ್ಟ್ರು ತಟ್ಟೆ ತೊಳೆಯಲು ಎದ್ದು ಹೋದರು.

ಕಾರಣ ಕೇಳುವ ತಾಳ್ಮೆ ಇಲ್ಲದವರು ಕಾರಣವನ್ನು ತಾವೇ ಹೊಲಿದು ತೊಡಿಸಿಬಿಡುತ್ತಾರೆ. ಮ್ಯಾನೇಜರು, ಪಾಪ, ಖರ್ಚಿಗೆ ಅಂಜಿರಬೇಕು ಎಂದುಕೊಂಡು ಧೈರ್ಯ ಹೇಳಲು ಬಂದರು. ಪಕ್ಕದ ಮನೆಯ ದರ್ಜಿ, "ಒಳ್ಳೇದೇ ಮಾಡಿದ್ರಿ, ಕಾಯಿಲೆ ಕೊಲ್ಲೋದಕ್ಕಿಂತ ಮುಂಚೆ ಆ ಔಷಧೀನೇ ಕೊಲ್ಲುತ್ತೆ" ಎಂದು ಬೆನ್ನು ತಟ್ಟಿದ. ದೂರದ ಸಂಬಂಧಿ ಒಬ್ಬ ಯಾವುದೋ ಹಸಿರು ಪುಡಿ ತಂದು, ದಿನಾ ಖಾಲಿ ಹೊಟ್ಟೆಗೆ ತಿಂದರೆ ಕ್ಯಾನ್ಸರ್ ಕಿತ್ತುಕೊಂಡು ಹೋಗುತ್ತದೆ ಎಂದ. ಅಕ್ಕ ಆ ಪುಡಿಯನ್ನು ಅವನ ಕಣ್ಣೆದುರಿಗೇ ಬಚ್ಚಲಿಗೆ ಸುರಿದು, "ಈಗ ನಿನ್ನನ್ನೂ ಕಿತ್ತುಕೊಂಡು ಹೋಗೋ ಹಾಗೆ ಮಾಡ್ಲಾ?" ಎಂದು ಕೇಳಿದಳು. ಊರೆಲ್ಲ ಡಾಕ್ಟರಾದ ಮೇಲೆ ರೋಗಿಗೆ ಬಾಯಿ ತೆರೆಯಲು ಜಾಗ ಎಲ್ಲಿ? ಮೇಷ್ಟ್ರು ಎಲ್ಲರ ಮಾತಿಗೂ ಹೂಂಗುಟ್ಟಿದರು.

ಅಕ್ಕ ತನ್ನ ಬತ್ತಳಿಕೆಯಲ್ಲಿದ್ದ ಬಾಣಗಳನ್ನೆಲ್ಲ ಬಿಟ್ಟಳು. ಬೈದಳು, ಬೇಡಿದಳು, ಸತ್ತ ತಾಯಿಯ ಆಣೆ ಹಾಕಿದಳು. ಕೊನೆಗೆ, ನೀನು ಆಸ್ಪತ್ರೆಗೆ ಹೋಗುವವರೆಗೆ ನಾನು ಊಟ ಮಾಡುವುದಿಲ್ಲ ಎಂದು ಗೋಡೆಗೆ ಒರಗಿ ಕೂತಳು. ಮಧ್ಯಾಹ್ನದ ಹೊತ್ತಿಗೆ ಒಳಕೋಣೆಯಿಂದ ಮೇಷ್ಟ್ರ ದನಿ ಬಂತು: "ಅಕ್ಕಾ, ಉಪವಾಸ ಮಾಡೋರು ಬಿಸ್ಕೆಟ್ನ ಟೀಯಲ್ಲಿ ಅದ್ದಿ ತಿನ್ನಬೇಕು. ಒಣಗಿದ್ದು ತಿಂದ್ರೆ ಕಟಕಟ ಅಂತ ಕೇಳುತ್ತೆ." ಅಕ್ಕನಿಗೆ ಅಳುವುದೋ ನಗುವುದೋ ತಿಳಿಯದೆ ಎರಡನ್ನೂ ಮಾಡಿದಳು. ಮುಂದಿನ ಡ್ರಿಪ್ಪಿನ ದಿನ ಬಂತು, ಹೋಯಿತು. ಅದರ ಮುಂದಿನದೂ ಹೋಯಿತು. ಅಕ್ಕ ಕ್ಯಾಲೆಂಡರನ್ನು ಗೋಡೆಯ ಕಡೆಗೆ ತಿರುಗಿಸಿ ನೇತುಹಾಕಿದಳು.

ಅಷ್ಟರಲ್ಲಿ ಭೂಗೋಳದ ಪುಸ್ತಕ ಅಚ್ಚಾಗಿ ಶಾಲೆಗಳಿಗೆ ಹೋಗಿತ್ತು. ಒಂದು ದಿನ ಪ್ರೆಸ್ಸಿಗೆ ಶಾಲೆಯೊಂದರ ಟೀಚರ್ ಫೋನ್ ಮಾಡಿದರು. ಅವರಿಗೂ ಕಣ್ಣಿಲ್ಲ, ಮಾತು ಮಾತ್ರ ಬಹಳ ನಗೆಯದು. ಫೋನ್ ಎತ್ತಿದವಳು ಅಕ್ಕ.

"ನಿಮ್ಮ ಪುಸ್ತಕದಲ್ಲಿ ನದಿಗಳ ಪಾಠದಲ್ಲಿ ಒಂದು ಪುಟ ಪೂರ್ತಿ ನುಣ್ಣಗಿದೆಯಲ್ಲ ಅಕ್ಕ! ನಮ್ಮ ಮಕ್ಕಳು ಅದಕ್ಕೆ ರಜಾ ಪುಟ ಅಂತ ಹೆಸರಿಟ್ಟಿದಾರೆ. ಆ ಪುಟ ಬಂದ ತಕ್ಷಣ ಎಲ್ಲಾ ಪುಸ್ತಕ ಮುಚ್ಚಿ ಕೂತ್ಕೊಳ್ತಾರೆ."

"ಎಲ್ಲಾ ಪುಸ್ತಕದಲ್ಲೂ ಹಾಗೇ ಇದೆಯಾ?"

"ಎಲ್ಲದರಲ್ಲೂ."

ಅಕ್ಕ ಫೋನಿಟ್ಟು ಕಪಾಟಿನಿಂದ ಪ್ರೂಫಿನ ಕಟ್ಟು ತೆಗೆದಳು. ಕಂಪ್ಯೂಟರಿನಲ್ಲಿ ಅಕ್ಷರ ಕೂರಿಸುವಾಗ ಯಾರೋ ಒಂದು ಪುಟವನ್ನು ಖಾಲಿ ಬಿಟ್ಟು ಮುಂದಕ್ಕೆ ಹೋಗಿದ್ದಾರೆ. ಪ್ರೂಫಿನಲ್ಲೂ ಆ ಹಾಳೆ ಖಾಲಿ. ಅವಳು ತನ್ನ ಒರಟು ಬೆರಳನ್ನು ಅದರ ಮೇಲೆ ಆಡಿಸಿದಳು. ಗಾಜಿನ ಹಾಗೆ ಜಾರಿತು. ನದಿಗಳ ಪಾಠ, ಕುಟ್ಟದ ಮೇಜು, ಹಣೆಯ ಬೆವರು, ಸಂಜೆಯ ಆ 'ಸಾಕು' ಎಲ್ಲ ಒಟ್ಟಿಗೆ ನೆನಪಿಗೆ ಬಂದವು. ಅಂದರೆ ಇವನು ಖಾಲಿ ಹಾಳೆಯ ಮೇಲೆ ಬೆರಳಾಡಿಸಿ, ಏನೂ ಸಿಗದೆ, ಬೆರಳೇ ಸತ್ತುಹೋಯಿತು ಎಂದುಕೊಂಡ. ಅದಕ್ಕೇ ಔಷಧಿ ಬಿಟ್ಟ. ಅಯ್ಯೋ ದೇವರೇ, ಇಷ್ಟೇನಾ ಎನಿಸಿತು ಅವಳಿಗೆ. ಇಷ್ಟೇ ಆದರೆ ಸರಿಮಾಡಬಹುದಲ್ಲ! ಹುಡುಗಿಯರನ್ನು ಬೈಯಬೇಕೆಂಬುದೂ ಮರೆತು, ಅವರಿಗೆ ಮುತ್ತಿಡುವಷ್ಟು ಸಂತೋಷವಾಯಿತು. ಮೇಷ್ಟ್ರು ಅವತ್ತು ಮೈ ಸರಿಯಿಲ್ಲವೆಂದು ಮನೆಯಲ್ಲೇ ಇದ್ದರು. ಅಕ್ಕ ಆ ಹಾಳೆ ಹಿಡಿದುಕೊಂಡು, ಚಪ್ಪಲಿ ಸರಿಯಾಗಿ ಮೆಟ್ಟಿಕೊಳ್ಳದೆ ಮನೆಯ ದಾರಿ ಹಿಡಿದಳು.

"ಪುಟ್ಟಾ! ನಿನ್ನ ಬೆರಳು ಸರಿಯಾಗೇ ಇತ್ತು ಕಣೋ! ಪುಟಾನೇ ಖಾಲಿ! ಒಂದು ಚುಕ್ಕೀನೂ ಇರಲಿಲ್ಲ!"

ಮೇಷ್ಟ್ರಿಗೆ ಮೊದಲು ಅರ್ಥವಾಗಲಿಲ್ಲ. ಅಕ್ಕ ಏದುಸಿರು ಬಿಡುತ್ತ ಫೋನಿನ ಕತೆ ಹೇಳಿ, ಹಾಳೆಯನ್ನು ಅವರ ಕೈಗೆ ತುರುಕಿದಳು. ಅವರು ಅದನ್ನು ತೊಡೆಯ ಮೇಲೆ ಹರಡಿಕೊಂಡು ಮೇಲಿನಿಂದ ಕೆಳಗಿನವರೆಗೆ ಬೆರಳಾಡಿಸಿದರು. ಬದಿಗಿದ್ದ ಬೇರೊಂದು ಪುಸ್ತಕ ಎಳೆದುಕೊಂಡು ಅದರ ಮೇಲೂ ಆಡಿಸಿದರು. ಮತ್ತೆ ಹಾಳೆಗೆ ಬಂದರು.

"ಹೌದಲ್ಲ ಅಕ್ಕ. ಖಾಲಿ" ಎಂದು ಸಣ್ಣಗೆ ನಕ್ಕರು.

ಗೆದ್ದೆ ಎಂದುಕೊಂಡಳು ಅಕ್ಕ. "ನಾಳೇನೇ ಡಾಕ್ಟ್ರ ಹತ್ರ ಹೋಗೋಣ. ನಿಂತಿದ್ದು ಮತ್ತೆ ಶುರು ಮಾಡ್ತಾರೆ. ನಾನು ಕೇಳಿಕೊಳ್ತೀನಿ."

"ಕೂತ್ಕೋ" ಎಂದರು ಮೇಷ್ಟ್ರು.

ಅಕ್ಕ ಕೂರಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದಳು.

"ನಿನಗೆ ಸಂತೋಷ ಆಗಿದೆ. ನನಗೆ ಇದನ್ನ ಕೇಳಿ ಇನ್ನೂ ಭಯ ಆಯ್ತು. ಬೆರಳು ಹೋಗಿತ್ತು, ಅದಕ್ಕೆ ಗೊತ್ತಾಗಲಿಲ್ಲ ಅಂತ ಸಮಾಧಾನ ಮಾಡ್ಕೊಂಡಿದ್ದೆ. ಈಗ ನೋಡಿದ್ರೆ ಬೆರಳು ಪೂರ್ತಿ ಹೋಗಿರಲಿಲ್ಲ. ಆದ್ರೂ ಗೊತ್ತಾಗಲಿಲ್ಲ. ನೀನು ಓದ್ತಾ ಇದೀಯ, ನಾನು ಕೈಯಾಡಿಸ್ತಾ ಇದೀನಿ, ಹಿಂದಿನ ಪುಟದಲ್ಲೇ ಚುಕ್ಕಿ ಮಸುಕಾಗಿ ಸಿಗ್ತಿತ್ತು, ಈ ಪುಟದಲ್ಲಿ ಏನೂ ಸಿಗ್ತಾ ಇಲ್ಲ. ಇಲ್ಲದೇ ಇರೋದು ಕಾಗದದಲ್ಲೋ ನನ್ನಲ್ಲೋ? ಮೊದಲಾಗಿದ್ರೆ ಮೇಜು ಒಡೆದುಹೋಗೋ ಹಾಗೆ ಕುಟ್ತಿದ್ದೆ. ಅವತ್ತು ಕೈ ಎತ್ತೋಕೇ ಧೈರ್ಯ ಬರಲಿಲ್ಲ. ನಾಚಿಕೆಯಾಯ್ತು. ಸುಮ್ಮನೆ ಕೂತು, ನಿನ್ನ ದನಿ ಹಿಂದೆ ಓದೋ ಹಾಗೆ ನಾಟಕ ಮಾಡ್ದೆ. ಎರಡು ಡ್ರಿಪ್ಪಿಗೇ ಇಷ್ಟು. ಇನ್ನೂ ಹಾಕಿಸ್ಕೊಂಡ್ರೆ ಕೊನೆಗೆ ಉಳಿಯೋದೇನು?"

"ಉಳಿಯೋದು ನೀನು ಕಣೋ!" ಅಕ್ಕನ ದನಿ ಮನೆಯೆಲ್ಲ ತುಂಬಿತು. "ನೀನು ಉಳೀತೀಯ! ಅದು ಸಾಲದಾ? ಬೆರಳು ಹೋದ್ರೆ ಹೋಗಲಿ. ಓದೋಕೆ ನಾನಿಲ್ವಾ? ಇಡೀ ದಿನ ಓದ್ತೀನಿ. ಗಂಟಲು ಕಟ್ಟೋವರೆಗೂ ಓದ್ತೀನಿ."

ಮೇಷ್ಟ್ರು ತೊಡೆಯ ಮೇಲಿನ ಹಾಳೆಯನ್ನು ಮಡಚಿ ಪಕ್ಕಕ್ಕಿಟ್ಟರು. ಆಮೇಲೆ, "ಮೊದಲೂ ನೀನೇ ಓದ್ತಿದ್ದೆ" ಎಂದರು.

ಅದು ಬಹಳ ಹಿಂದಿನ ಮಾತು. ಮೇಷ್ಟ್ರಿಗೆ ಕಣ್ಣು ಹೋದದ್ದು ಚಿಕ್ಕಂದಿನಲ್ಲಿ, ಒಂದು ಕೆಟ್ಟ ಜ್ವರದಲ್ಲಿ. ಅದೇ ವರ್ಷ ತಾಯಿಯೂ ಹೋದಳು. ಅಪ್ಪ ಗೋದಾಮಿನ ಕಾವಲಿಗೆ ಹೋದರೆ ಮನೆಯಲ್ಲಿ ಅಕ್ಕ, ತಮ್ಮ ಇಬ್ಬರೇ. ಅಕ್ಕ ಶಾಲೆಯಿಂದ ಕತೆಪುಸ್ತಕ ತಂದು ಓದಿ ಹೇಳುತ್ತಿದ್ದಳು. ತಮ್ಮನಿಗೆ ಬಹಳ ಇಷ್ಟವಾದದ್ದು ಒಂದು ಕುಂಟು ಕುದುರೆಯ ಕತೆ. ಅದನ್ನು ಎಷ್ಟು ಸಲ ಓದಿಸಿಕೊಂಡನೋ ಲೆಕ್ಕವಿಲ್ಲ. ಆಮೇಲೆ ಅವನನ್ನು ಹಾಸ್ಟೆಲಿದ್ದ ಕುರುಡರ ಶಾಲೆಗೆ ಸೇರಿಸಿದರು. ಅಲ್ಲಿ ಚುಕ್ಕಿ ಕಲಿತ.

"ಅಲ್ಲಿ ಆ ಕುದುರೆ ಪುಸ್ತಕ ಸಿಕ್ತು ಅಕ್ಕ. ನಾನೇ ಬೆರಳಿಟ್ಟು ಓದಿದೆ. ನಿನ್ನ ಕತೇಲಿ ಅದಕ್ಕೆ ಕಾಲು ವಾಸಿಯಾಗಿ ಹುಲ್ಲುಗಾವಲಲ್ಲಿ ಓಡಾಡ್ತಾ ಇತ್ತು. ಪುಸ್ತಕದಲ್ಲಿ ಅದು ಸತ್ತುಹೋಯ್ತು."

ಅಕ್ಕ ಚೌಕಟ್ಟು ಬಿಟ್ಟು ಮೆಲ್ಲಗೆ ಹೊಸ್ತಿಲ ಮೇಲೆ ಕೂತಳು. ಇಷ್ಟು ವರ್ಷ ತಮ್ಮ ಇದನ್ನು ಬಾಯಿಬಿಟ್ಟು ಹೇಳಿರಲಿಲ್ಲ.

"ಕುದುರೆ ಒಂದೇ ಅಲ್ಲ. ಎಲ್ಲಾ ಪುಸ್ತಕ ತೆಗೆದು ನೋಡ್ದೆ. ನಿನ್ನ ಕತೆಗಳಲ್ಲಿ ಯಾರೂ ಸಾಯ್ತಿರಲಿಲ್ಲ."

"ಅಮ್ಮ ಆಗ ತಾನೇ..." ಎಂದಳು ಅಕ್ಕ.

"ಗೊತ್ತು ಕಣೆ. ಪ್ರೀತಿಗೇ ಮಾಡ್ದೆ ಅಂತ ಗೊತ್ತು. ಅವತ್ತು ಹಾಸ್ಟೆಲಲ್ಲಿ ಕೂತು ಅತ್ತೆ ನೋಡು, ಅಷ್ಟು ನಾನು ಕಣ್ಣು ಹೋದಾಗಲೂ ಅತ್ತಿರಲಿಲ್ಲ. ಆದ್ರೆ ಖುಷೀನೂ ಆಯ್ತು. ನನ್ನ ಪಾಲಿನ ಅಳು ನನ್ನ ಕೈಗೆ ಬಂತಲ್ಲ ಅಂತ. ಅವತ್ತಿಂದ ನನಗೆ ಯಾರೂ ಏನನ್ನೂ ಓದಿ ಹೇಳಬೇಕಾಗಿಲ್ಲ. ಕೆಲಸಕ್ಕೆ ನೀನು ಓದ್ತೀಯ, ಸರಿ. ಕೆಳಗೆ ನನ್ನ ಬೆರಳು ಇರುತ್ತೆ. ಬೆರಳೇ ಇಲ್ದೆ ಹೋದ್ರೆ ನಾನು ಮತ್ತೆ ಆ ಮನೇಲಿ, ಆ ಕತ್ತಲೇಲಿ, ನೀನು ಹೇಳಿದ್ದೇ ಕತೆ ಅಂತ ಕೇಳ್ಕೊಂಡು ಕೂತಿರಬೇಕು."

ಅಕ್ಕನಿಗೆ ಸಿಟ್ಟೂ ಬಂತು, ಅವಮಾನವೂ ಆಯಿತು. ಎದ್ದು ಒಳಗೆ ಹೋಗಿ ಪಾತ್ರೆಗಳನ್ನು ದಡಬಡ ಎತ್ತಿಟ್ಟಳು. ತಾಯಿಯಿಲ್ಲದ ಮಗುವಿಗೆ ಸಾವಿನ ಕತೆ ಹೇಳಬೇಕಿತ್ತೇ? ತಾನೂ ಆಗ ಮಗುವೇ ತಾನೆ? ತಾನು ಒಂದು ಕುದುರೆಯನ್ನು ಬದುಕಿಸಿದ್ದಕ್ಕೆ ಇವನು ಈಗ ಪ್ರಾಣ ಬಿಡುತ್ತಾನಂತೆ! ಅವಳ ಸಿಟ್ಟಿನಲ್ಲಿ ನ್ಯಾಯವಿತ್ತು. ತಮ್ಮನ ಮಾತಿನಲ್ಲೂ ಇತ್ತು. ಎರಡು ನ್ಯಾಯಗಳು ಒಂದೇ ಮನೆಯಲ್ಲಿ ಕೂತರೆ ಬಗೆಹರಿಸುವವರು ಯಾರು?

ಆದರೂ ಅವಳು ಆಸೆ ಬಿಡಲಿಲ್ಲ. ವಾರದಲ್ಲೇ ತಮ್ಮನನ್ನು ಡಾಕ್ಟರಮ್ಮನ ಮುಂದೆ ಕೂರಿಸಿದಳು. ಬೇಡವೆನ್ನುವುದಾದರೆ ಅವರ ಮುಖಕ್ಕೇ ಹೇಳು ಎಂಬ ಹಟ. ಮೇಷ್ಟ್ರು ಎಲ್ಲ ಹೇಳಿದರು. ಡಾಕ್ಟರಮ್ಮ ಅವಸರ ಬಿಟ್ಟು ಕೇಳಿದರು.

"ಬೆರಳಿಗೆ ಹೀಗಾಗ್ತಿದೆ ಅಂತ ನನಗೆ ಆಗಲೇ ಹೇಳಬೇಕಾಗಿತ್ತು ಮೇಷ್ಟ್ರೇ. ಆ ಔಷಧಿ ಬಿಟ್ಟು ಬರೀ ಮಾತ್ರೇಲಿ ಮುಂದುವರಿಸಬಹುದು. ಬಲ ಸ್ವಲ್ಪ ಕಡಿಮೆ, ಆದ್ರೂ ಏನೂ ಇಲ್ಲದೇ ಇರೋದಕ್ಕಿಂತ ಮೇಲು. ಅದರಲ್ಲಿ ಕೆಲವರಿಗೆ ಅಂಗೈ, ಬೆರಳಿನ ಚರ್ಮ ಸುಲಿಯುತ್ತೆ. ನಿಮಗೆ ಆಗುತ್ತೋ ಇಲ್ವೋ, ಮೊದಲೇ ಹೇಳೋಕೆ ಬರಲ್ಲ."

"ಏನೂ ತಗೊಳ್ದೇ ಹೋದ್ರೆ?"

"ಮತ್ತೆ ಬರಬಹುದು. ಬರದೇನೂ ಇರಬಹುದು. ಬರೋ ಸಂಭವ ಜಾಸ್ತಿ ಅಂತ ಹೇಳದಿದ್ರೆ ನಾನು ಸುಳ್ಳು ಹೇಳಿದ ಹಾಗಾಗುತ್ತೆ." ಆಮೇಲೆ ಸ್ವಲ್ಪ ತಡೆದು, "ಈಗ ಮೊಬೈಲೇ ಓದಿ ಹೇಳುತ್ತಲ್ಲ ಮೇಷ್ಟ್ರೇ" ಎಂದರು.

"ಹೇಳುತ್ತೆ. ನನ್ನ ಹತ್ರಾನೂ ಒಂದಿದೆ, ಒಳ್ಳೇದೇ. ಆದ್ರೆ ಡಾಕ್ಟ್ರೇ, ನನಗೆ ಬೆರಳಂದ್ರೆ ಬರೀ ಪುಸ್ತಕ ಅಲ್ಲ. ಅನ್ನ ಬೆಂದಿದೆಯಾ, ಅಂಗಿ ಹಿಂದುಮುಂದಾಗಿದೆಯಾ, ಎದುರಿಗೆ ಇರೋದು ಗೋಡೆಯಾ ಬಾಗಿಲಾ, ಎಲ್ಲಾ ಇದರಲ್ಲೇ. ಒಂದು ಸಲ ಕುರುಡಾಗಿದೀನಿ. ಅದು ಏನು ಅಂತ ಗೊತ್ತು. ಆಗ ಚಿಕ್ಕವನು, ಹೊಸದಾಗಿ ಕಲಿತೆ. ಈಗ ಎರಡನೇ ಸಲ ಕುರುಡಾಗಿ ಮತ್ತೆ ಮೊದಲಿಂದ ಕಲಿಯೋ ಶಕ್ತಿ ನನ್ನಲ್ಲಿಲ್ಲ. ನನಗೆ ಬದುಕು ಬೇಡ ಅಂತ ಅಲ್ಲ. ಬೇಕು. ಈ ಬೆರಳು ಇರೋವಷ್ಟು ದಿನ ಬೇಕು."

ಡಾಕ್ಟರಮ್ಮ ಅಕ್ಕನ ಕಡೆ ನೋಡಿದರು. ಅಕ್ಕ ಆಸ್ಪತ್ರೆಯ ಕಾಗದಗಳನ್ನು ಒಂದೊಂದಾಗಿ ಚೀಲಕ್ಕೆ ತುಂಬಿಕೊಳ್ಳತೊಡಗಿದಳು. "ಪರೀಕ್ಷೆಗಾದ್ರೂ ಬರ್ತಾ ಇರಿ. ಮನಸ್ಸು ಬದಲಾದ್ರೆ ಹೇಳಿ, ತಡ ಮಾಡಬೇಡಿ" ಎಂದರು ಡಾಕ್ಟರಮ್ಮ. ಬಸ್ಸಿನಲ್ಲಿ ಹೋಗುವಾಗ ಅಕ್ಕ ಯಾವಾಗಲೂ ಕಿಟಕಿಯಾಚೆ ಕಂಡದ್ದನ್ನೆಲ್ಲ ತಮ್ಮನಿಗೆ ಹೇಳುತ್ತ ಹೋಗುವವಳು. ಅವತ್ತು ಮನೆ ಬರುವವರೆಗೂ ತುಟಿ ಬಿಚ್ಚಲಿಲ್ಲ.

ಮೇಷ್ಟ್ರು ಕೆಲಸಕ್ಕೆ ಮರಳಿದರು. ಜುಮ್ಮು ನಿಧಾನವಾಗಿ ಇಳಿದು ಬೆರಳು ಮೊದಲಿನಂತೆ ಆಯಿತು. ಅವರು ಮೊದಲು ಮಾಡಿದ್ದು ಕೆಲಸದ ರೀತಿಯನ್ನೇ ತಿರುವುಮುರುವು ಮಾಡಿದ್ದು. ಇನ್ನು ಮುಂದೆ ಚುಕ್ಕಿಯಿಂದ ಗಟ್ಟಿಯಾಗಿ ಓದುವವರು ತಾವು. ಅಚ್ಚಿನ ಪುಸ್ತಕ ನೋಡುತ್ತ ಹೋಗಿ ತಪ್ಪಿದಲ್ಲಿ ಮೇಜು ಕುಟ್ಟುವವಳು ಅಕ್ಕ. ಓದುವವನ ಬೆರಳಿಗೆ ಚುಕ್ಕಿ ಸಿಗದಿದ್ದರೆ ಬಾಯಿ ನಿಲ್ಲುತ್ತದೆ, ನಾಟಕ ನಡೆಯುವ ಹಾಗಿಲ್ಲ. ಮತ್ತೆ ಅಚ್ಚು ಹಾಕಿ ಮಕ್ಕಳಿಗೆ ಕಳಿಸಬೇಕಾದ ಆ ಬಿಟ್ಟುಹೋದ ಪುಟವನ್ನು ಇಬ್ಬರೂ ಹೀಗೇ ನೋಡಿ ಮುಗಿಸಿದರು. ಅಕ್ಕನಿಗೆ ಮೊದಮೊದಲು ಕುಟ್ಟಲು ಕೈಬರುತ್ತಿರಲಿಲ್ಲ. ಆಮೇಲೆ ಎಷ್ಟು ಜೋರಾಗಿ ಕುಟ್ಟತೊಡಗಿದಳೆಂದರೆ ಮ್ಯಾನೇಜರು ಬಂದು, "ಅಕ್ಕ, ಆ ಮೇಜು ಪ್ರೆಸ್ಸಿಗೆ ಸೇರಿದ್ದು" ಎಂದು ನೆನಪಿಸಬೇಕಾಯಿತು. ಸಿಟ್ಟನ್ನು ಎಲ್ಲಾದರೂ ಇಳಿಸಬೇಕಲ್ಲ.

ಮನೆಯಲ್ಲಿ ಅವಳು ಸಿಟ್ಟು ತೋರಿಸಲಿಲ್ಲ. ಪರೀಕ್ಷೆಗೆ ಹೋದಾಗಲೆಲ್ಲ ಜೀವ ಕೈಯಲ್ಲಿ ಹಿಡಿದು ಕೂರುತ್ತಿದ್ದಳು. ಮೊದಲ ಸಲ ಏನೂ ಇರಲಿಲ್ಲ. ಆಮೇಲಿನ ಸಲವೂ ಇರಲಿಲ್ಲ. ದೇವರು ದೊಡ್ಡವನು ಎಂದುಕೊಂಡಳು. ಒಂದು ವರ್ಷ ದಾಟಿದ ಮೇಲೆ ಯಕೃತ್ತಿನಲ್ಲಿ ಕಾಣಿಸಿಕೊಂಡಿತು. ಈಗ ಕೀಮೋ ಕೊಟ್ಟರೂ ಕೆಲವು ತಿಂಗಳು ಮುಂದೂಡಬಹುದಷ್ಟೇ ಎಂದರು ಡಾಕ್ಟರಮ್ಮ. ಅದೂ ಬೇಡ, ನೋವಿಗೆ ಮಾತ್ರ ಏನಾದರೂ ಕೊಡಿ ಎಂದರು ಮೇಷ್ಟ್ರು. ಕೊಟ್ಟರು. ಪಕ್ಕದ ಮನೆಯ ದರ್ಜಿ ಈಗ, "ಆಗಲೇ ಕೀಮೋ ತಗೊಂಡಿದ್ರೆ ಉಳೀತಿದ್ರೋ ಏನೋ" ಎಂದ. ಅವನ ನಾಲಿಗೆಗೆ ಮೂಳೆಯಿದ್ದಿದ್ದರೆ ಅಕ್ಕ ಮುರಿದೇ ಹಾಕುತ್ತಿದ್ದಳು.

ಮೇಷ್ಟ್ರು ತೀರಿಕೊಂಡ ದಿನದ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಎಲ್ಲರ ಮನೆಯಲ್ಲಿ ನಡೆಯುವಂತೆಯೇ ನಡೆಯಿತು. ಹುಡುಗಿಯರು ಬಂದು ಅತ್ತರು. ಮ್ಯಾನೇಜರು ಎಲ್ಲ ಕೆಲಸಕ್ಕೂ ಹೆಗಲು ಕೊಟ್ಟರು. ಹೇಳಬೇಕಾದದ್ದು ಅದಕ್ಕೆ ಕೆಲವು ದಿನ ಮುಂಚಿನ ಒಂದು ಮಧ್ಯಾಹ್ನದ ಮಾತು.

ಆಗ ಅವರು ಹಾಸಿಗೆ ಹಿಡಿದಿದ್ದರು. ಹೊಟ್ಟೆ ಉಬ್ಬಿ, ಕೈಕಾಲು ಕಡ್ಡಿಯಾಗಿದ್ದವು. ಎದೆಯ ಮೇಲೆ ಒಂದು ಬ್ರೈಲ್ ಪುಸ್ತಕವನ್ನು ದಿಂಬಿಗೆ ಆನಿಸಿಟ್ಟುಕೊಂಡು ಅಕ್ಕನಿಗೆ ಕತೆ ಓದಿ ಹೇಳುತ್ತಿದ್ದರು. ಎರಡು ಸಾಲು ಓದುವುದು, ಉಸಿರು ಎಳೆದುಕೊಳ್ಳುವುದು, ಮತ್ತೆ ಎರಡು ಸಾಲು. ಅಕ್ಕ ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತು ಬಟ್ಟೆ ಮಡಚುತ್ತ ಕೇಳುತ್ತಿದ್ದಳು. ಓದು ನಿಂತಿತು. ಸುಸ್ತಾಯಿತೇನೋ ಎಂದುಕೊಂಡು ಅವಳು ಇನ್ನೊಂದು ಬಟ್ಟೆ ಎತ್ತಿಕೊಂಡಳು.

"ನನ್ನ ಮೇಲೆ ಕೋಪ ಇದೆಯಾ ಅಕ್ಕ?"

ಇಲ್ಲ ಕಣೋ, ನೀನು ಮಾಡಿದ್ದೇ ಸರಿ ಎಂಬ ಮಾತು ಅಕ್ಕನ ನಾಲಿಗೆಯ ತುದಿಯಲ್ಲೇ ಇತ್ತು. ಸಾಯುವವರಿಗೆ ಎಲ್ಲರೂ ಹೇಳುವ ಮಾತು ಅದು. ಅವಳು ಕೈಯಲ್ಲಿದ್ದ ಬಟ್ಟೆಯನ್ನು ಪಕ್ಕಕ್ಕಿಟ್ಟಳು.

"ಇದೆ" ಎಂದಳು. "ತುಂಬ ಇದೆ ಕಣೋ. ಯಾಕೆ ಬೇಡ ಅಂದೆ ಅಂತ ನನಗೆ ಅರ್ಥ ಆಗಿದೆ. ಅರ್ಥ ಆದ್ರೂ ಕೋಪ ಹೋಗಿಲ್ಲ. ನೀನು ಓದದೇ ಹೋಗಿದ್ರೆ ನನಗೇನಾಗಬೇಕಿತ್ತು? ಅಂಗಿ ಗುಂಡಿ ನಾನು ಹಾಕ್ತಿದ್ದೆ, ಅನ್ನ ಕಲಸಿ ಕೊಡ್ತಿದ್ದೆ. ನೀನು ನನಗೆ ಬೈಕೊಂಡಾದ್ರೂ ಎದುರಿಗೆ ಕೂತಿರ್ತಿದ್ದೆ. ನನಗೆ ಅಷ್ಟೇ ಸಾಕಾಗಿತ್ತು. ನಿನಗೆ ಸಾಕಾಗಲಿಲ್ಲ. ಇನ್ನು ಮೇಲೆ ಈ ಮನೇಲಿ, ಆ ಪ್ರೆಸ್ಸಲ್ಲಿ, ನಾನು ಒಬ್ಬಳೇ ಯಾರ ಮುಖ ನೋಡಲಿ?"

ದನಿ ಎಲ್ಲೂ ನಡುಗಲಿಲ್ಲ. ಅಷ್ಟು ಮಟ್ಟಿಗೆ ಹಳೆಯ ಅಭ್ಯಾಸ ಅವಳ ಕೈಬಿಟ್ಟಿರಲಿಲ್ಲ.

ಮೇಷ್ಟ್ರು ಪುಸ್ತಕದ ಮೇಲಿಂದ ಎಡಗೈ ಎತ್ತಿದರು. ಕೈ ಗಾಳಿಯಲ್ಲಿ ತಡವರಿಸುತ್ತ ಬಂದು ಅವಳ ಭುಜ ಮುಟ್ಟಿತು, ಕುತ್ತಿಗೆ ಮುಟ್ಟಿತು, ಕೆನ್ನೆಗೆ ಬಂತು. ತೋರುಬೆರಳು ಅಲ್ಲೇ ನಿಂತಿತು. ಆಮೇಲೆ ನಿಧಾನವಾಗಿ ಕಣ್ಣಿನ ಕೆಳಗಿನಿಂದ ಗಲ್ಲದವರೆಗೆ ಆ ಒದ್ದೆಯನ್ನು ಹಿಡಿದು ಇಳಿಯಿತು. ಅಕ್ಕ ಮುಖ ತಿರುಗಿಸಲಿಲ್ಲ.